ಷಡ್ಡಕನ ಮನೆಯ ಮೀನು ಮೊಟ್ಟೆ ಇಟ್ಟಾಗ

ಹೆಂಡತಿಯ ತಂಗಿಯ ಗಂಡನ ಮೇಲೆ ಹೊಟ್ಟೆಕಿಚ್ಚು ಪಡಬಾರದೆಂದು ಯಾವ ಕಾನೂನೂ ಇಲ್ಲ. ಇದ್ದಿದ್ದರೆ ಈ ಲಿಫ್ಟ್ ಮೆಕ್ಯಾನಿಕ್ ಎಂದೋ ಒಳಗೆ ಹೋಗಿರುತ್ತಿದ್ದ.

ಅತ್ತೆಯ ಮನೆಯಲ್ಲಿ ಅವನನ್ನು ದೊಡ್ಡಳಿಯ ಎನ್ನುತ್ತಿದ್ದರು. ಮದುವೆಯಾದ ಮೊದಲ ಕೆಲವು ವರ್ಷ ಆ ಮನೆಗೆ ಅವನೊಬ್ಬನೇ ಅಳಿಯ. ಆಗ ದೊಡ್ಡ, ಚಿಕ್ಕ ಎಂಬ ಮಾತೇ ಇರಲಿಲ್ಲ. ಕಿಟಕಿ ಪಕ್ಕದ ಕುರ್ಚಿ ಅವನದು, ಮೊದಲ ಲೋಟ ಚಹಾ ಅವನದು, ಮಾವ ಓದಿ ಮಡಚುವ ಮುಂಚೆಯೇ ಪತ್ರಿಕೆ ಅವನದು. ಆಮೇಲೆ ಕನ್ನಡಕದ ಅಂಗಡಿಯವನೊಬ್ಬ ಎರಡನೆಯ ಮಗಳ ಕೈಹಿಡಿದು ಚಿಕ್ಕಳಿಯನಾಗಿ ಬಂದ. ಬಂದವನು ಕುರ್ಚಿಗೆ ಆಸೆಪಡಲಿಲ್ಲ. ನೆಲದ ಮೇಲೆ, ಅತ್ತೆಯ ಕಾಲ ಬಳಿ, ಗೋಡೆಗೆ ಒರಗಿ ಕೂತುಬಿಟ್ಟ. ಅನಾಹುತವಾದದ್ದೇ ಅಲ್ಲಿ. ಮನೆಯವರೆಲ್ಲ ಒಬ್ಬೊಬ್ಬರಾಗಿ ಅವನ ಸುತ್ತ ನೆಲಕ್ಕಿಳಿದರು. ಕುರ್ಚಿಯ ಮೇಲೆ ದೊಡ್ಡಳಿಯನೊಬ್ಬನೇ ಉಳಿದ, ಫೋಟೋ ತೆಗೆಯಲು ಕೂರಿಸಿ ಮರೆತ ಹಾಗೆ.

ಚಿಕ್ಕಳಿಯ ಕೆಟ್ಟವನಾಗಿದ್ದರೆ ಎಷ್ಟೋ ನೆಮ್ಮದಿಯಿತ್ತು. ಅವನು ಒಳ್ಳೆಯವನು, ಅದೂ ಸಹಿಸಲಾಗದಷ್ಟು. ವರ್ಷ ತುಂಬುವುದರೊಳಗೆ ಮಾವ, ಅತ್ತೆ, ಅತ್ತೆಯ ಅಕ್ಕ, ಭಾವಮೈದುನ ಎಲ್ಲರ ಮೂಗಿನ ಮೇಲೂ ಅವನ ಅಂಗಡಿಯ ಕನ್ನಡಕ. ಆ ಮನೆಯವರು ಲೋಕ ನೋಡುತ್ತಿದ್ದುದೇ ಅವನು ಕೊಟ್ಟ ಗಾಜಿನಲ್ಲಿ. ಲಿಫ್ಟಿನವನು ಏನು ಕೊಟ್ಟಾನು? ಅತ್ತೆಯ ಮನೆಗೆ ಇದ್ದದ್ದೇ ಎರಡು ಮೆಟ್ಟಿಲು. ತನಗೆ ಚಾಳೀಸು ಬಂದಾಗ ದೊಡ್ಡಳಿಯ ಹಟ ಹಿಡಿದು ಊರಿನ ಇನ್ನೊಂದು ತುದಿಯ ಅಂಗಡಿಗೆ ಹೋಗಿ ಕನ್ನಡಕ ಕೊಂಡ. ಅದು ಮೂಗಿನಿಂದ ಜಾರುತ್ತಿತ್ತು. ಜಾರಲಿ ಎಂದು ಬಿಟ್ಟ.

ಇಷ್ಟಾದರೂ ಅವನ ಪಾಲಿಗೆ ಒಂದು ಹೆಮ್ಮೆ ಉಳಿದಿತ್ತು: ಮೀನು. ಇಬ್ಬರಲ್ಲಿ ಮೊದಲು ಮೀನು ಸಾಕಿದವನು ಅವನು. ಲಿಫ್ಟಿನ ಮೆಷಿನ್ ರೂಮಿನಲ್ಲಿ ಬಿದ್ದಿದ್ದ ಕಬ್ಬಿಣದ ಪಟ್ಟಿಗಳನ್ನು ತಂದು ತಾನೇ ಸ್ಟ್ಯಾಂಡ್ ಮಾಡಿ, ಮಟ್ಟ ನೋಡಿ, ಹಾಲ್‌ನ ಗೋಡೆಗೆ ಗಾಜಿನ ತೊಟ್ಟಿ ಇಟ್ಟಿದ್ದ. ಅದರಲ್ಲಿ ನಾಲ್ಕಾರು ಗೋಲ್ಡ್‌ಫಿಶ್. ಹೊಸದಾಗಿ ಮದುವೆಯಾದ ಚಿಕ್ಕಳಿಯ ಬಂದಾಗಲೆಲ್ಲ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, "ನೀರು ಹೇಗೆ ಬದಲಾಯಿಸ್ತೀರಿ ಭಾವ? ಫಿಲ್ಟರ್ ಯಾವಾಗ ತೊಳೀತೀರಿ?" ಎಂದು ಶಾಲೆಯ ಹುಡುಗನ ಹಾಗೆ ಕೇಳುತ್ತಿದ್ದ. ದೊಡ್ಡಳಿಯ ಎದೆಯುಬ್ಬಿಸಿ ಹೇಳಿಕೊಡುತ್ತಿದ್ದ. ಆ ದಿನಗಳನ್ನು ನೆನೆದರೆ ಈಗ ಅವನಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಯಾಕೆಂದರೆ ಶಿಷ್ಯ ಗುರುವನ್ನು ದಾಟಿ ಸಮುದ್ರಕ್ಕೇ ಇಳಿದಿದ್ದ. ಉಪ್ಪುನೀರಿನ ತೊಟ್ಟಿ, ನೀಲಿ ದೀಪ, ಅದರೊಳಗೆ ಕಿತ್ತಳೆ ಮೈಗೆ ಬಿಳಿ ಪಟ್ಟಿ ಕಟ್ಟಿದ ಒಂದು ಜೋಡಿ ಕ್ಲೌನ್ ಮೀನು. ಅತ್ತೆ ಅವುಗಳನ್ನು ಕೋಡಂಗಿಗಳು ಎನ್ನುತ್ತಿದ್ದರು.

ಆ ಕೋಡಂಗಿಗಳು ಮೊಟ್ಟೆ ಇಟ್ಟವು. ಭಾನುವಾರ ಎಲ್ಲರಿಗೂ ಕರೆ ಬಂತು. ದೊಡ್ಡಳಿಯ ಹೆಂಡತಿಯೊಂದಿಗೆ ಹೋದಾಗ ಷಡ್ಡಕನ ಮನೆಯ ಹಾಲ್‌ನಲ್ಲಿ ಪರದೆ ಎಳೆದು ಕತ್ತಲು ಮಾಡಿದ್ದರು. ಅತ್ತೆ ತೊಟ್ಟಿಯ ಮುಂದೆ ಸ್ಟೂಲ್ ಹಾಕಿಕೊಂಡು ಕೂತಿದ್ದರು. ತಿರುಗಿ ನೋಡದೆಯೇ ಬಾಯಿಗೆ ಬೆರಳಿಟ್ಟರು.

"ಸದ್ದು ಮಾಡ್ಬೇಡಿ. ನಮ್ಮ ಕೋಡಂಗಿ ಬಾಣಂತಿ ಆಗಿದಾಳೆ."

ಓರೆಯಾಗಿಟ್ಟ ಮಣ್ಣಿನ ಕುಂಡದ ಒಳಮೈಗೆ ಕಿತ್ತಳೆ ಬಣ್ಣದ ಚುಕ್ಕೆಗಳು ಒತ್ತೊತ್ತಾಗಿ ಅಂಟಿದ್ದವು, ಯಾರೋ ಕೂತು ಕಸೂತಿ ಹಾಕಿದಂತೆ. ದೊಡ್ಡ ಮೀನು ಅತ್ತಿತ್ತ ಓಡಾಡಿಕೊಂಡಿತ್ತು. ಚಿಕ್ಕದು ಮೊಟ್ಟೆಗಳ ಮುಂದೆ ನಿಂತು ರೆಕ್ಕೆಯಿಂದ ಬೀಸುತ್ತ, ನಡುನಡುವೆ ಬಾಯಿ ಹಾಕಿ ಒಂದೊಂದನ್ನೇ ಒರೆಸುತ್ತಿತ್ತು.

"ಆ ಚಿಕ್ಕದು ಗಂಡು," ಎಂದರು ಅತ್ತೆ. "ಹೆಂಡ್ತಿ ಆರಾಮಾಗಿ ಅಡ್ಡಾಡ್ತಿದಾಳೆ, ಇವನು ಊಟ ಬಿಟ್ಟು ಗಾಳಿ ಹಾಕ್ತಿದಾನೆ. ಅಳಿಯ ಅಂದ್ರೆ ಹೀಗಿರ್ಬೇಕು."

ಯಾವ ಅಳಿಯ ಎಂದು ಯಾರೂ ಕೇಳಲಿಲ್ಲ. ಚಿಕ್ಕಳಿಯ ನಾಚಿಕೊಂಡು ನಕ್ಕ. "ಎಲ್ಲ ಭಾವ ಹೇಳಿಕೊಟ್ಟಿದ್ದೇ ಅತ್ತೆ," ಎಂದ. ಆ ಮಾತು ದೊಡ್ಡಳಿಯನಿಗೆ ಉಪ್ಪಿನ ಕೈಯಿಂದ ಗಾಯ ಸವರಿದ ಹಾಗಾಯಿತು. ಗೋಲ್ಡ್‌ಫಿಶ್ ಸಾಕಿದವನು ಇದನ್ನೆಲ್ಲಿ ಹೇಳಿಕೊಟ್ಟ?

ಮನೆಗೆ ಬರುವ ದಾರಿಯಲ್ಲಿ ಬಸ್ಸಿನ ಸರಳು ಹಿಡಿದು ನಿಂತವನು ಇದ್ದಕ್ಕಿದ್ದಂತೆ, "ನಾವೂ ತರೋಣ," ಎಂದ.

"ಏನನ್ನ?" ಎಂದಳು ಹೆಂಡತಿ. ಅವಳಿಗೆ ಗೊತ್ತಿತ್ತು.

"ಕೋಡಂಗಿ."

"ಮನೇಲಿ ಒಬ್ರು ಇದಾರಲ್ಲ," ಎಂದು ಅವಳು ಕಿಟಕಿಯ ಆಚೆ ನೋಡಿದಳು.

ಬಣ್ಣದ ಮೀನಿನ ಅಂಗಡಿ ನಡೆಸುವ ಹೆಂಗಸು ಅವನನ್ನು ಹಳಬನೆಂದು ಬಲ್ಲವಳು. ಗೋಲ್ಡ್‌ಫಿಶ್‌ಗಳನ್ನು ಅವಳೇ ಹಿಂದಕ್ಕೆ ತೆಗೆದುಕೊಂಡಳು. ಉಪ್ಪು ಕಲಸುವುದು, ಹೀಟರ್ ಕಟ್ಟುವುದು, ನೀರು ಹದಕ್ಕೆ ಬರುವವರೆಗೆ ಮೀನು ಬಿಡದೆ ಕಾಯುವುದು ಎಲ್ಲ ಹೇಳಿದಳು. ಅಷ್ಟನ್ನೂ ಅವನು ಚಾಚೂತಪ್ಪದೆ ಮಾಡಿದ. ಮೀನು ಆರಿಸುವ ದಿನ ಬಂದಾಗ, "ಒಂದು ದೊಡ್ಡದು ತಗೊಳ್ಳಿ, ಒಂದು ಚಿಕ್ಕದು," ಎಂದಳು.

ಚಿಕ್ಕಳಿಯನ ತೊಟ್ಟಿಯಲ್ಲೂ ಒಂದು ದೊಡ್ಡದು, ಒಂದು ಚಿಕ್ಕದು. ಅವನದೇ ನಕಲು ಮಾಡಿದರೆ ಅವನನ್ನು ಮೀರಿದಂತೆ ಹೇಗಾದೀತು? ಅಂಗಡಿಯ ತೊಟ್ಟಿಗಳನ್ನೆಲ್ಲ ಬಗ್ಗಿ ನೋಡಿದ.

"ಇದು. ಆಮೇಲೆ, ಆ ಮೂಲೇಲಿರೋದು."

"ಎರಡೂ ದೊಡ್ಡವು ಸಾರ್. ಹೊಂದ್ಕೊಳ್ಳಲ್ಲ."

"ನಮ್ಮ ಮನೇಲಿ ಹೊಂದ್ಕೋತವೆ ಬಿಡಮ್ಮ."

ಹೊಂದಿಕೊಳ್ಳಲಿಲ್ಲ. ತೊಟ್ಟಿಗೆ ಬಿಟ್ಟ ಸಂಜೆಯೇ ಎರಡೂ ಎದುರುಬದುರು ನಿಂತು ದುರುಗುಟ್ಟಿದವು. ಮರುದಿನಕ್ಕೆ ಒಂದರ ಬಾಲ ಹರಿದಿತ್ತು, ಇನ್ನೊಂದರ ತುಟಿ ಕಿತ್ತಿತ್ತು. ಅವನು ಬಹುಮಹಡಿ ಕಟ್ಟಡವೊಂದರಲ್ಲಿ ಲಿಫ್ಟಿನ ಬ್ರೇಕ್ ಬಿಚ್ಚಿ ಕೂತಿದ್ದಾಗ ಹೆಂಡತಿಯ ಫೋನು ಬಂತು. "ಅಲ್ರೀ, ಒಂದು ಇನ್ನೊಂದನ್ನ ಕೊಂದೇ ಹಾಕುತ್ತೆ. ತರಕಾರಿ ಬುಟ್ಟಿ ತೊಳೆದು ನೀರಿಗಿಳಿಸಿ ಒಂದನ್ನ ಅದರೊಳಗೆ ಹಾಕಿದೀನಿ." ಅಂದಿನಿಂದ ಒಂದು ಮೀನು ಬುಟ್ಟಿಯ ಒಳಗೆ, ಒಂದು ಹೊರಗೆ. ತೂತುಗಳ ಮೂಲಕ ಅವುಗಳ ಜಗಳ ಮುಂದುವರಿಯಿತು. ಅಂಗಡಿಯವಳ ಬಳಿ ಹೋಗಿ ಕೇಳಲು ಅವನಿಗೆ ಮುಖವಿರಲಿಲ್ಲ. ಷಡ್ಡಕನನ್ನು ಕೇಳುವ ಪ್ರಶ್ನೆಯೇ ಇರಲಿಲ್ಲ.

ಅಷ್ಟರಲ್ಲಿ ಚಿಕ್ಕಳಿಯನ ಮನೆಯ ಮೊಟ್ಟೆಗಳು ಒಡೆದು, ಮರಿಗಳು ಬದುಕಿ, ಬೆರಳಿನುಗುರಿನಷ್ಟಾಗಿ, ಪಟ್ಟಿ ಹೊತ್ತು ಈಜುವ ಫೋಟೋಗಳು ಮನೆಮಂದಿಯ ಫೋನುಗಳಲ್ಲೆಲ್ಲ ಹರಿದಾಡಿದವು. ಅತ್ತೆ ತಮ್ಮ ಓಣಿಯ ದರ್ಜಿಗೂ ಹಾಲಿನವಳಿಗೂ ತೋರಿಸಿದರು. ಒಂದು ದಿನ ದೊಡ್ಡಳಿಯ ಅತ್ತೆಯ ಮನೆಯ ಕುರ್ಚಿಯಲ್ಲಿ ಕೂತು ಇದನ್ನೆಲ್ಲ ಕೇಳಿ ಕೇಳಿ, ಹೊಟ್ಟೆಯೊಳಗೆ ಕೆಂಡ ತುಂಬಿಕೊಂಡು, ಯಾರೂ ಕೇಳದಿದ್ದರೂ ಹೇಳಿಬಿಟ್ಟ: "ನಮ್ಮವೂ ಇಟ್ಟಿವೆ."

ಅಡುಗೆಮನೆಯಿಂದ ಹೆಂಡತಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

"ಏನು? ಮೊಟ್ಟೇನಾ?" ಅತ್ತೆ ಕನ್ನಡಕ ಏರಿಸಿಕೊಂಡರು. "ನೀವು ಹೇಳ್ಲೇ ಇಲ್ವಲ್ಲ!"

"ಹೇಳೋದೇನಿದೆ," ಎಂದ ಅವನು, ದಿನಾ ಇಡುವುದನ್ನು ಕಂಡವನ ಹಾಗೆ. "ಅವರ ಮನೆಯವಕ್ಕಿಂತ ಸ್ವಲ್ಪ ಜಾಸ್ತಿನೇ ಇರ್ಬೇಕು."

"ಹಾಗಾದ್ರೆ ಭಾನುವಾರ ನಿಮ್ಮನೆಗೆ ಎಲ್ಲರೂ," ಎಂದರು ಅತ್ತೆ.

ಹೆಂಡತಿ ಮನೆಗೆ ಬಂದು ಚಪ್ಪಲಿ ಬಿಡುತ್ತ, "ಮೊಟ್ಟೆ ನೀವಿಡ್ತೀರೋ, ನಾನಿಡ್ಲೋ?" ಎಂದಳು. ಅವನಿಗೆ ಇಡೀ ವಾರ ಲಿಫ್ಟಿನ ಕೆಳಗಿನ ಹಳ್ಳಗಳಲ್ಲಿ ಟಾರ್ಚ್ ಹಿಡಿದು ಗ್ರೀಸ್ ಬಳಿಯುವಾಗ ಒಂದೇ ಯೋಚನೆ. ಕೊನೆಗೆ ಒಂದು ದಾರಿ ಹೊಳೆಯಿತು. ಕೆಲವು ಮೀನು ತಮ್ಮ ಮೊಟ್ಟೆಯನ್ನೇ ತಿನ್ನುತ್ತವಂತೆ. ತಿಂದುಬಿಟ್ಟವು ಎಂದರಾಯಿತು. ಶನಿವಾರ ಅತ್ತೆಗೆ ಫೋನು ಮಾಡಿ ದನಿ ಇಳಿಸಿ ಹೇಳಿದ. ಅತ್ತೆ "ಅಯ್ಯೋ ಪಾಪಿಗಳು" ಎಂದು ಮೀನುಗಳನ್ನು ಬೈದರು. ಗೆದ್ದೆ ಎಂದುಕೊಂಡು ಅವನು ಚಹಾ ಕುಡಿಯಲು ಕೂತ.

ಭಾನುವಾರ ಬೆಳಿಗ್ಗೆ ಬಾಗಿಲು ತಟ್ಟಿದ್ದು ಚಿಕ್ಕಳಿಯ. ಒಬ್ಬನೇ ಬಂದಿದ್ದ. ಕೈಯಲ್ಲಿ ಒಂದು ಚೀಲ, ಮುಖದ ತುಂಬ ಕನಿಕರ.

"ಅತ್ತೆ ಹೇಳಿದ್ರು ಭಾವ. ಬೇಜಾರು ಮಾಡ್ಕೋಬೇಡಿ. ನಮ್ಮವೂ ಮೊದಮೊದಲು ತಿಂದು ಹಾಕಿದ್ವು, ನಾನು ಯಾರಿಗೂ ಹೇಳಿರ್ಲಿಲ್ಲ. ಏನು ಹಾಕ್ತಿದೀರಿ ಊಟಕ್ಕೆ, ನೋಡೋಣ ಅಂತ…"

ಮಾತಾಡುತ್ತಲೇ ಹಾಲ್‌ಗೆ ಬಂದವನು ತೊಟ್ಟಿಯ ಮುಂದೆ ನಿಂತ. ಬುಟ್ಟಿಯೊಳಗೆ ಒಂದು ದೊಡ್ಡ ಮೀನು. ಹೊರಗೆ ಅಷ್ಟೇ ದೊಡ್ಡ ಇನ್ನೊಂದು, ಬುಟ್ಟಿಯನ್ನು ಮೂಗಿನಿಂದ ಗುದ್ದುತ್ತಿತ್ತು. ಈಗ ನಗುತ್ತಾನೆ, ಈಗ ಕೇಳುತ್ತಾನೆ, ಸಂಜೆಯೊಳಗೆ ಅತ್ತೆಯ ಮನೆಯಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ ಎಂದು ದೊಡ್ಡಳಿಯ ಹಲ್ಲು ಕಚ್ಚಿ ಕಾದ.

ಚಿಕ್ಕಳಿಯ ಬಗ್ಗಿ ಒಳಗಿನದನ್ನೂ ಹೊರಗಿನದನ್ನೂ ಒಂದೊಂದಾಗಿ ನೋಡಿದ. ಆಮೇಲೆ ತಿರುಗದೆಯೇ ಹೇಳಿದ: "ಭಾವ, ಎರಡೂ ಹೆಣ್ಣು."

"ಯಾರು ಹೇಳಿದ್ದು?"

"ಈ ಜಾತಿ ಹುಟ್ಟುವಾಗ ಎಲ್ಲಾ ಗಂಡೇ. ಜೊತೇಲಿ ಯಾವುದು ದೊಡ್ಡದಾಗಿ ಬೆಳೆಯುತ್ತೋ ಅದು ಹೆಣ್ಣಾಗುತ್ತೆ. ಒಂದ್ಸಲ ಹೆಣ್ಣಾದ್ರೆ ಮತ್ತೆ ಗಂಡಾಗಲ್ಲ. ಎರಡು ಹೆಣ್ಣನ್ನ ಒಟ್ಟಿಗೆ ಬಿಟ್ರೆ ಹೊಡೆದಾಟವೇ." ಬುಟ್ಟಿಯ ಕಡೆ ಬೆರಳು ಮಾಡಿ, "ಒಂದನ್ನ ನಾನು ತಗೊಂಡು ಹೋಗ್ತೀನಿ, ನಮ್ಮ ತೊಟ್ಟಿ ಉದ್ದ ಇದೆ, ನಡುವೆ ಗಾಜು ಹಾಕ್ತೀನಿ. ನಮ್ಮ ಮರಿಗಳಲ್ಲಿ ಒಂದನ್ನ ನಿಮಗೆ ಕೊಡ್ತೀನಿ. ಅದು ಗಂಡಾಗಿ ಉಳಿಯುತ್ತೆ," ಎಂದ.

ಮೊಟ್ಟೆಯ ಮಾತನ್ನು ಎತ್ತಲೇ ಇಲ್ಲ. ಅಂದೂ ಇಲ್ಲ, ಆಮೇಲೂ ಇಲ್ಲ, ಅತ್ತೆಯ ಮುಂದಂತೂ ಇಲ್ಲವೇ ಇಲ್ಲ. ಎರಡು ಏಟು ಹಾಕಿದ್ದರೆ ದೊಡ್ಡಳಿಯ ತಡೆದುಕೊಳ್ಳುತ್ತಿದ್ದ. ಈ ಮೌನ ಅವನನ್ನು ಬಹಳ ದಿನ ಸುಟ್ಟಿತು. ಮರಿ ಬೇಡ ಎನ್ನಲು ಬಾಯಿ ತೆರೆದದ್ದೂ ಉಂಟು. ಹೆಂಡತಿ ಒಳಗಿನಿಂದ ಬಂದು, "ಆಯ್ತು, ಕೊಡಿ," ಎಂದು ಮುಗಿಸಿದಳು.

ಮರಿ ಮೀನು ಬಂತು. ಹೆಂಡತಿ ಅದಕ್ಕೆ ಮನೆ ಅಳಿಯ ಎಂದು ಹೆಸರಿಟ್ಟಳು. ಹುಟ್ಟಿದ ಮನೆ ಬಿಟ್ಟು, ತನಗಿಂತ ಮೂರು ಪಟ್ಟು ದೊಡ್ಡವಳ ಮನೆಯಲ್ಲಿ ವಾಸಕ್ಕೆ ಬಂದದ್ದು. ದೊಡ್ಡ ಮೀನು ಎದುರಾದಾಗಲೆಲ್ಲ ಅದು ಓರೆಯಾಗಿ ಮಲಗಿ ಗಡಗಡ ನಡುಗುತ್ತಿತ್ತು.

"ಥೂ, ಅವನ ಮನೇದು ಅಲ್ವಾ," ಎಂದ ದೊಡ್ಡಳಿಯ. "ನೋಡು, ಬಗ್ಗೋದೇ ಬಗ್ಗೋದು. ಅದಕ್ಕೇ ಎಲ್ಲರಿಗೂ ಬೇಕಾಗೋದು."

"ಬಗ್ಗಿದ್ರೆ ಕಚ್ಚಲ್ಲ ಅಂತ ಅದಕ್ಕೆ ಗೊತ್ತು," ಎಂದಳು ಹೆಂಡತಿ. "ನಿಮಗೆ ನಿಜವಾಗ್ಲೂ ಮೀನು ಮರಿ ಬೇಕಾ, ಇಲ್ಲ ಅವರ ಮುಖ ಸಣ್ಣಗಾಗೋದು ಬೇಕಾ? ಒಂದು ಹೇಳಿ, ಅದರ ಪ್ರಕಾರ ಸಾಕ್ತೀನಿ."

ಅವನು ಪಂಪಿನ ವೈರು ಸರಿಮಾಡುವವನ ಹಾಗೆ ತೊಟ್ಟಿಯ ಹಿಂದಕ್ಕೆ ಬಗ್ಗಿದ.

ಸಾಕಿದ್ದು ಮುಕ್ಕಾಲು ಪಾಲು ಅವಳೇ. ಅವನ ಕೈಗೆ ಗ್ರೀಸ್ ವಾಸನೆ ಎಂದು ನೀರಿಗೆ ಕೈ ಹಾಕಲು ಬಿಡುತ್ತಿರಲಿಲ್ಲ. ದಿನಕ್ಕೆ ನಾಲ್ಕಾರು ಸಲ, ಒಂದೊಂದು ಚಿಟಿಕೆ ಸಿಗಡಿ ಚೂರು. ದೀಪ ಹಚ್ಚುವ, ಆರಿಸುವ ಹೊತ್ತು ತಪ್ಪದ ಹಾಗೆ. ನೀರು ಬೆಚ್ಚಗೆ, ಒಂದೇ ಹದದಲ್ಲಿ. ಮಣ್ಣಿನ ಕುಂಡ ಗೋಡೆಗೆ ಓರೆಯಾಗಿ. ಅವನು ಪಾಲಿಗೆ ಬಂದದ್ದನ್ನು ಮಾಡಿದ: ಪಂಪು ಗುಂಯ್‌ಗುಡದಂತೆ ರಬ್ಬರು ಕೂರಿಸಿದ, ಕರೆಂಟು ಹೋದರೆ ನಡೆಯಲು ಹಳೆಯ ಬ್ಯಾಟರಿ ಕಟ್ಟಿದ. ಒಂದು ವರ್ಷ ದಾಟಿತು. ಮನೆ ಅಳಿಯ ಬೆಳೆದ. ನಡುಗುವುದು ಕಡಿಮೆಯಾಗಿ ಇಬ್ಬರೂ ಒಂದೇ ಮೂಲೆಯಲ್ಲಿ ಮಲಗತೊಡಗಿದರು. ಆಮೇಲೊಂದು ದಿನ ಎರಡೂ ಸೇರಿ ಕುಂಡದ ಒಳಮೈಯನ್ನು ಬಾಯಿಂದ ಉಜ್ಜಲು ಶುರುಮಾಡಿದವು.

ಅವನು ಲಿಫ್ಟಿನ ಡಬ್ಬಿಯ ನೆತ್ತಿಯ ಮೇಲೆ ನಿಂತು ಹಗ್ಗದ ಬಿಗಿತ ನೋಡುತ್ತಿದ್ದಾಗ ಫೋನು ಬಂತು.

"ಇಟ್ಟಾಯ್ತು," ಎಂದಳು ಹೆಂಡತಿ. "ನಿಜವಾಗ್ಲೂ."

ಅವನು ಕೂಗಿದ. ಏನು ಕೂಗಿದನೋ ಅವನಿಗೇ ಗೊತ್ತಿಲ್ಲ. ಅದು ಕತ್ತಲ ಕೊಳವೆಯಲ್ಲಿ ಮೇಲಿಂದ ಕೆಳಗಿನವರೆಗೆ ಉರುಳಿತು. ಕೆಳಗಿನ ಮಹಡಿಯಲ್ಲಿ ಲಿಫ್ಟಿಗೆ ಕಾಯುತ್ತಿದ್ದ ಹೆಂಗಸೊಬ್ಬಳು, "ಯಾರೋ ಬಿದ್ರು!" ಎಂದು ಚೀರಿಕೊಂಡು ಕಾವಲುಗಾರನನ್ನು ಓಡಿಸಿದಳು.

ಮೊದಲು ಫೋನು ಮಾಡಿದ್ದು ಅತ್ತೆಗಲ್ಲ, ಷಡ್ಡಕನಿಗೆ. ಇಷ್ಟು ವರ್ಷ ಕಾದದ್ದೇ ಆ ದನಿ ಕುಸಿಯುವುದನ್ನು ಕೇಳಲು.

"ಹೌದಾ ಭಾವ," ಎಂದ ಚಿಕ್ಕಳಿಯ. ಒಂದು ಉಸಿರಿನಷ್ಟು ತಡೆದು, "ಒಳ್ಳೇದಾಯ್ತು," ಎಂದ. ಸಂಜೆ ಅಂಗಡಿ ಮುಚ್ಚಿ ಬಂದ. ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂರಲಿಲ್ಲ, ನಿಂತೇ ನೋಡಿದ.

"ಕುಂಡಕ್ಕೆ ಬೆಳಕು ಸ್ವಲ್ಪ ಜಾಸ್ತಿ ಬೀಳ್ತಿದೆ."

"ಹ್ಞೂಂ."

"ಮೊದಲ ಸಲದ್ದು ಉಳಿಯೋದು ಅನುಮಾನ. ಎಣಿಕೆನೂ ಅಷ್ಟೇನಿಲ್ಲ."

ಆ ದನಿ ದೊಡ್ಡಳಿಯನಿಗೆ ಎಲ್ಲೋ ಕೇಳಿದ ಹಾಗಿತ್ತು. ಎಲ್ಲಿ ಎಂದು ಹುಡುಕಿದರೆ, ಅದು ತನ್ನದೇ. ಅತ್ತೆಯ ಮನೆಯ ಕುರ್ಚಿಯಲ್ಲಿ ಕೂತು ಪ್ರತಿ ಶುಭ ಸುದ್ದಿಯಲ್ಲೂ ಹುಳುಕು ತೆಗೆಯುವಾಗ ಅವನ ಗಂಟಲಿಂದ ಬರುತ್ತಿದ್ದ ದನಿ. ಷಡ್ಡಕನ ಮುಖ ನೋಡಿದ. ಹುಳ್ಳಗಾಗಿತ್ತು. ಒಂದು ಕ್ಷಣ ದೊಡ್ಡಳಿಯನಿಗೆ ಎಂಥ ಖುಷಿಯಾಯಿತೆಂದರೆ ಅಂಗಾಲಿನಿಂದ ನೆತ್ತಿಯವರೆಗೆ ಬಿಸಿ ಹರಿಯಿತು. ಅದನ್ನು ಮುಚ್ಚಿಟ್ಟು ಹೇಳುವುದರಲ್ಲಿ ಅರ್ಥವಿಲ್ಲ, ಖುಷಿಯೇ ಆಯಿತು.

"ನಿಮ್ಮವು ಈ ಸಲ ಎಷ್ಟಿಟ್ಟಿವೆ?" ಎಂದು ಬೇಕೆಂದೇ ಕೇಳಿದ.

"ನಿಲ್ಲಿಸಿವೆ ಭಾವ." ಚಿಕ್ಕಳಿಯ ಗಾಜಿನ ಮೇಲಿಲ್ಲದ ಧೂಳನ್ನು ಬೆರಳಿಂದ ಒರೆಸಿದ. "ನಿಮ್ಮನೆ ಹೆಣ್ಣನ್ನ ತಗೊಂಡು ಹೋಗಿ ಗಾಜಿನ ಆಚೆ ಬಿಟ್ಟೆನಲ್ಲ, ಅದನ್ನ ನೋಡಿ ನೋಡಿ ನಮ್ಮದು ಉರಿದುಹೋಯ್ತು ಅಂತ ಕಾಣುತ್ತೆ. ಊಟನೇ ಸರಿಯಾಗಿ ಮಾಡಲ್ಲ. ಆವತ್ತಿಂದ ಒಂದೂ ಇಟ್ಟಿಲ್ಲ."

"ಹೇಳಬಾರದಾ? ವಾಪಸ್ ಅಂಗಡಿಗೆ ಕೊಡ್ತಿದ್ದೆ."

"ಹೇಗೆ ಹೇಳ್ಲಿ? ನಾನೇ ದೊಡ್ಡ ಮನಸ್ಸು ಮಾಡಿ ತಗೊಂಡು ಹೋದವನು."

ದೊಡ್ಡಳಿಯ ಒಳಗೆ ಹೋಗಿ ಎರಡು ಸ್ಟೂಲ್ ತಂದು ಹಾಕಿದ. ಇಬ್ಬರೂ ಕೂತರು. ಹೆಂಡತಿ ಚಹಾ ಕೊಟ್ಟಳು. ಲೋಟ ಖಾಲಿ ಮಾಡಿ ಕೆಳಗಿಟ್ಟು ಚಿಕ್ಕಳಿಯನೇ ಕೇಳಿದ: "ಮರಿಗಳಿಗೆ ಊಟ ಏನು ಮಾಡ್ಕೊಂಡಿದೀರಿ?"

ಅದನ್ನು ಯಾರೂ ಯೋಚಿಸಿರಲಿಲ್ಲ. ಮೊಟ್ಟೆ ಕಂಡರೆ ಸಾಕೆಂದು ಅವನು ಹಂಬಲಿಸಿದ್ದನೇ ಹೊರತು, ಅದು ಒಡೆದ ಮೇಲಿನದನ್ನು ಕನಸಿನಲ್ಲೂ ಕಂಡಿರಲಿಲ್ಲ. ಹುಟ್ಟಿದ ಮರಿ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ. ಅದರ ಊಟ ಅದಕ್ಕಿಂತ ಸಣ್ಣ ಜೀವ, ಪಾಚಿಗಟ್ಟಿದ ಹಸಿರು ನೀರಿನಲ್ಲಿ ಬೆಳೆಸಬೇಕು. ಚಿಕ್ಕಳಿಯನ ಮನೆಯ ಬಾಲ್ಕನಿಯಲ್ಲಿ ಅದರ ಡಬ್ಬಿಗಳು ಇನ್ನೂ ಇದ್ದವು. ತನ್ನ ಮೀನು ನಿಲ್ಲಿಸಿದ್ದರೂ ಎಸೆಯಲು ಅವನಿಗೆ ಮನಸ್ಸಾಗಿರಲಿಲ್ಲ. ಮರುದಿನವೇ ಹೊತ್ತು ತಂದ. ಆಮೇಲಿನ ದಿನಗಳಲ್ಲಿ ಅಂಗಡಿ ತೆರೆಯುವ ಮುಂಚೆ ಒಮ್ಮೆ, ಮುಚ್ಚಿದ ಮೇಲೆ ಒಮ್ಮೆ ಬಂದು ಹೋಗುತ್ತಿದ್ದ. ಇಬ್ಬರೂ ಬಕೆಟ್ಟಿನ ಮೇಲೆ ಬಗ್ಗಿ ಉಪ್ಪು ಹೆಚ್ಚಾಯಿತು, ಕಡಿಮೆಯಾಯಿತು ಎಂದು ಕಿತ್ತಾಡಿದರು. "ನಿಮಗೇನು ಗೊತ್ತು" ಎಂಬ ಮಾತು ಎರಡೂ ಕಡೆಯಿಂದ ಬಂತು. ಚಿಕ್ಕಳಿಯ ದನಿ ಏರಿಸಿದ್ದನ್ನು ಆ ಮನೆ ಕೇಳಿದ್ದು ಅದೇ ಮೊದಲು. ದೊಡ್ಡಳಿಯನಿಗೆ ಅವನೊಡನೆ ಮಾತು ಅಷ್ಟು ಸಲೀಸಾದದ್ದೂ ಅದೇ ಮೊದಲು.

ಮೊಟ್ಟೆಗಳು ಒಡೆದವು. ಮರಿಗಳಲ್ಲಿ ಬಹುಪಾಲು ಸತ್ತವು. ಉಳಿದದ್ದು ಒಂದು ಹಿಡಿ. ಅವುಗಳ ಮೈಗೆ ಬಿಳಿ ಪಟ್ಟಿ ಮೂಡಿದ ಮೇಲೆ ಅತ್ತೆಯನ್ನು ಕರೆಸಿದರು. ಅತ್ತೆ ಸ್ಟೂಲಿನ ಮೇಲೆ ಕೂತು ಕನ್ನಡಕವನ್ನು ಸೆರಗಿನಿಂದ ಒರೆಸಿ ಹಾಕಿಕೊಂಡು ತೊಟ್ಟಿಗೆ ಮುಖ ಹಚ್ಚಿದರು.

"ಎಷ್ಟು ಚೂಟಿಯಾಗಿವೆ! ಚಿಕ್ಕಳಿಯನ ಮನೆ ಗಂಡಲ್ವಾ, ಅದಕ್ಕೇ."

ದೊಡ್ಡಳಿಯನ ಹೊಟ್ಟೆಯೊಳಗೆ ಹಳೆಯ ಕೆಂಡ ಭಗ್ಗೆಂದಿತು. ಅವನ ತೊಟ್ಟಿ, ಅವನ ಮನೆ, ಒಂದೂಕಾಲು ವರ್ಷದ ಸಾಕಣೆ. ಕೊನೆಗೆ ಹೆಸರು ಯಾರದು!

"ಇಲ್ಲ ಅತ್ತೆ," ಎಂದ ನೆಲದ ಮೇಲೆ ಕೂತಿದ್ದ ಚಿಕ್ಕಳಿಯ. "ಈ ಚೂಟಿತನ ಎಲ್ಲ ಭಾವನ ಮನೆ ಹೆಣ್ಣಿಂದು. ಬಣ್ಣ ನೋಡಿ. ನಮ್ಮ ಮರಿಗಳಿಗೆ ಇಷ್ಟು ಬಣ್ಣ ಬಂದಿರ್ಲಿಲ್ಲ."

ಹೇಳುವಾಗ ಅವನ ಗಂಟಲಮಣಿ ಮೇಲೆ ಹೋಗಿ ಕೆಳಗೆ ಬಂತು. ಆ ಮಾತು ಹೊರಗೆ ತರಲು ಎಷ್ಟು ಕಷ್ಟವಾಗಿರಬಹುದೆಂದು ಆ ಕೋಣೆಯಲ್ಲಿ ಬೇರೆ ಯಾರಿಗೂ ತಿಳಿಯಲಿಲ್ಲ, ದೊಡ್ಡಳಿಯನಿಗೆ ತಿಳಿಯಿತು. ಇಷ್ಟು ವರ್ಷಗಳಲ್ಲಿ ಅಂಥ ಒಂದು ಮಾತನ್ನು ತಾನು ಆಡಿರಲಿಲ್ಲ. ಸಲೀಸಾಗಿ ಒಳ್ಳೆಯವನಾಗಿರುವವನು ಎಂದು ತಾನು ಬಗೆದಿದ್ದವನು ಪ್ರತಿ ಸಲವೂ ಹೀಗೇ ಉಗುಳು ನುಂಗಿ ಹೇಳುತ್ತಿದ್ದನೇನೋ.

"ಇವು ಉಳಿದದ್ದೇ ಇವನಿಂದ," ಎಂದ ದೊಡ್ಡಳಿಯ. ದನಿ ತೀರ ಸಣ್ಣಗೆ ಬಂತು, ಯಾರದೋ ಜೇಬಿನಿಂದ ಕದ್ದ ಹಾಗೆ.

"ಏನಂದ್ರಿ?" ಅತ್ತೆ ಕಿವಿ ತಿರುಗಿಸಿದರು.

ಇನ್ನೊಮ್ಮೆ ಹೇಳಬೇಕಿತ್ತು. ಚಿಕ್ಕಳಿಯ ನೆಲ ನೋಡುತ್ತಿದ್ದ. ಹೆಂಡತಿ ಬಾಗಿಲ ಬಳಿ ಚಹಾದ ತಟ್ಟೆ ಹಿಡಿದು ನಿಂತು ಅವನನ್ನೇ ನೋಡುತ್ತಿದ್ದಳು.

"ಏನಿಲ್ಲ," ಎಂದ ದೊಡ್ಡಳಿಯ. "ಚಹಾ ಆರುತ್ತೆ ಅಂದೆ."